ಸೋಡಿಯಂ ಲೆಕ್ಕ ಹಿಡಿದು ಸ್ವೀಡನ್ನಿಗೆ

ಆರ್ಲಾಂಡ

ಯಾಕೆ ಬಂದಿರಿ ಎಂದು ಸ್ಟಾಕ್‌ಹೋಮಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಕೇಳಿದ. ನಿಜ ಹೇಳುವುದಾದರೆ "ನಾನು ಸುಳ್ಳುಗಾರ್ತಿಯೋ ಅಲ್ಲವೋ ತಿಳಿದುಕೊಂಡು ಹೋಗಲು" ಎನ್ನಬೇಕಿತ್ತು. ಹಾಗೆಂದರೆ ಅಲ್ಲಿಂದಲೇ ವಾಪಸ್ ಕಳಿಸಿಯಾನು ಎಂದು ಹೆದರಿ "ಸಂಶೋಧನೆ, ಒಂಬತ್ತು ದಿನ" ಎಂದೆ. ಅವನು ನನ್ನ ಮುಖ ನೋಡಿದ, ಪಾಸ್‌ಪೋರ್ಟಿನ ಫೋಟೋ ನೋಡಿದ, ಮುದ್ರೆ ಒತ್ತಿದ. ಐವತ್ತೆರಡು ವರ್ಷಕ್ಕೆ ಮೊದಲ ಸಲ ದೇಶ ಬಿಟ್ಟು ಹೊರಟವಳಿಗೆ ಇಷ್ಟು ಸುಲಭವಾಗಿ ಬಾಗಿಲು ತೆರೆದದ್ದು ನೋಡಿ ಸ್ವಲ್ಪ ಬೇಸರವೇ ಆಯಿತು. ಎರಡು ತಿಂಗಳಿಂದ ಕನ್ನಡಿ ಮುಂದೆ ಇಂಗ್ಲಿಷಿನಲ್ಲಿ ಉತ್ತರ ಅಭ್ಯಾಸ ಮಾಡಿದ್ದೆಲ್ಲ ದಂಡವಾಯಿತು.

ಏನು ಕಥೆ ಅಂತ ಮೊದಲು ಹೇಳಿಬಿಡುತ್ತೇನೆ. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಬೆಂಕಿ ಹತ್ತದ ಬ್ಯಾಟರಿ ಮಾಡಬೇಕೆಂದರೆ ಒಳಗಿನ ದ್ರವ ತೆಗೆದು ಅಲ್ಲಿ ಪಿಂಗಾಣಿಯಂಥ ಘನವಸ್ತು ಇಡಬೇಕು, ಅದರೊಳಗೆ ಸೋಡಿಯಂ ಕಣಗಳು ಸಲೀಸಾಗಿ ಓಡಾಡಬೇಕು. ಅಂಥ ಒಂದು ವಸ್ತುವನ್ನು ನಾನೂ ನನ್ನ ಸಂಶೋಧನಾ ವಿದ್ಯಾರ್ಥಿನಿ ಶೋಭಾಳೂ ಕಂಪ್ಯೂಟರಿನಲ್ಲಿ ಕಟ್ಟಿದ್ದೆವು. ನಿಜವಾಗಿ ಬೇಯಿಸಿ ಮಾಡುವುದಲ್ಲ, ಸಾವಿರಾರು ಅಣುಗಳನ್ನು ಲೆಕ್ಕದೊಳಗೆ ಜೋಡಿಸಿ, ಅವು ಹೇಗೆ ನಡುಗುತ್ತವೆ, ಎಲ್ಲಿಗೆ ಸರಿಯುತ್ತವೆ ಎಂದು ನೋಡುವುದು. ಇದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಸೋಡಿಯಂ ಓಡಿದ ವೇಗ ನೋಡಿ ನಾವೇ ಬೆಚ್ಚಿಬಿದ್ದೆವು. ಪ್ರಬಂಧ ಅಚ್ಚಾಯಿತು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನಮ್ಮಿಬ್ಬರ ಫೋಟೋ ಬಂತು.

ಆಮೇಲೆ ಸ್ಟಾಕ್‌ಹೋಮಿನ ಒಂದು ವಿಶ್ವವಿದ್ಯಾಲಯದಿಂದ ಲೇನಾ ಎಂಬುವರ ಮಿಂಚಂಚೆ ಬಂತು. ಬಹಳ ವಿನಯದ ಕಾಗದ. ನೀವು ಬರೆದಂತೆಯೇ ಮಾಡಿ ನೋಡಿದೆವು, ನಮಗೆ ನಿಮ್ಮ ವೇಗದ ಮೂರನೇ ಒಂದು ಭಾಗ ಮಾತ್ರ ಸಿಗುತ್ತಿದೆ, ನಾವು ಎಲ್ಲಿ ತಪ್ಪಿರಬಹುದು ಹೇಳುತ್ತೀರಾ ಎಂದು ಕೇಳಿದ್ದರು. ನಾವು ಎಲ್ಲಿ ತಪ್ಪಿರಬಹುದು, ನೋಡಿ! ಅದೇ ನಮ್ಮಲ್ಲಿ ಒಂದು ಸಮ್ಮೇಳನದಲ್ಲಿ ಶೋಭಾ ಈ ಕೆಲಸದ ಬಗ್ಗೆ ಮಾತಾಡಿ ನಿಂತಿದ್ದಾಗ, ಈ ಕಾಗದದ ಸಂಗತಿ ಕಿವಿಗೆ ಬಿದ್ದಿದ್ದ ಒಬ್ಬ ಹಿರಿಯರು ಎದ್ದು, "ಈ ಸಂಖ್ಯೆ ಕಂಪ್ಯೂಟರ್ ಕೊಟ್ಟಿದ್ದೋ, ಮನೇಲಿ ಕೂತು ನೀವೇ ಬರ್ಕೊಂಡಿದ್ದೋ?" ಎಂದರು. ಸಭೆ ನಕ್ಕಿತು. ಶೋಭಾ ವೇದಿಕೆಯ ಮೇಲೆ ಮೈಕು ಹಿಡಿದುಕೊಂಡು ಹಾಗೇ ನಿಂತಳು. ಆವತ್ತಿನಿಂದ ಅವಳು ಯಾವ ಸಭೆಯಲ್ಲೂ ಬಾಯಿ ಬಿಟ್ಟಿಲ್ಲ. ಅವಳ ಪಿಎಚ್‌ಡಿ ಪ್ರಬಂಧದ ಅರ್ಧ ಭಾಗ ನಿಂತಿರುವುದು ಆ ಸಂಖ್ಯೆಯ ಮೇಲೆ. ಲೇನಾ "ಬಂದು ನಮ್ಮ ಜೊತೆ ಕೂತು ನೋಡಿ" ಎಂದು ಕರೆದಾಗ ನಾನು ರಜೆ ಬರೆದು ಹೊರಟುಬಿಟ್ಟೆ.

ಸೋಲ್ನಾ, ಮೊದಲ ಸಂಜೆ

ಸವಿತಾ ನಿಲ್ದಾಣಕ್ಕೆ ಬಂದಿದ್ದಳು. ಹದಿನೈದು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ ಹುಡುಗಿ. ಈಗ ಇಲ್ಲಿ ಒಂದು ಐಟಿ ಕಂಪನಿಯಲ್ಲಿ ಐವರಿಗೆ ಕೆಲಸ ಹೇಳುವವಳು. ಅವಳ ಮನೆ ಸೋಲ್ನಾದಲ್ಲಿ, ಸ್ಟಾಕ್‌ಹೋಮಿನ ಉತ್ತರಕ್ಕೆ.

"ಮೇಡಂ, ಜಾಕೆಟ್ ಹಾಕ್ಕೊಳಿ. ಬಿಸಿಲು ನೋಡಿ ಮೋಸ ಹೋಗ್ಬೇಡಿ. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಬರೀ ಡೆಕೋರೇಷನ್‌ಗೆ."

"ನೀನು ಯಾವಾಗಿಂದ ಬೆಂಗಳೂರು ಕನ್ನಡ ಮಾತಾಡೋಕೆ ಶುರು ಮಾಡಿದೆ? ರಾಣೆಬೆನ್ನೂರಿನವಳಲ್ವಾ?"

ಅವಳು ನಕ್ಕಳು. "ಏನ್ ಮಾಡೋದು ಮೇಡಂ, ಇಲ್ಲಿ ಎಲ್ಲರೂ ಬೆಂಗಳೂರು, ಮೈಸೂರಿನವರೇ. ನಾನು ಬಾಯಿಬಿಟ್ರೆ 'ಹೇಳಿ ಹೇಳಿ, ಇನ್ನೊಂದ್ಸಲ ಹೇಳಿ' ಅಂತ ಕೇಳ್ತಾರೆ, ನಾಟಕ ನೋಡಿದ ಹಾಗೆ. ಅದಕ್ಕೇ ಗೇರ್ ಚೇಂಜ್ ಮಾಡ್ಕೊಂಡ್ಬಿಟ್ಟಿದೀನಿ."

ಮನೆ ಬಾಗಿಲಲ್ಲಿ ಚಪ್ಪಲಿ, ಬೂಟುಗಳ ಸಾಲು. ಸ್ವೀಡನ್ನಿನವರೂ ಬೂಟು ಹೊರಗೆ ಬಿಟ್ಟೇ ಒಳಗೆ ಬರುತ್ತಾರಂತೆ, ಇದು ಬರೀ ನಮ್ಮವರ ಮನೆಯ ಪದ್ಧತಿಯಲ್ಲ. ಇಷ್ಟು ದೂರ ಬಂದು ಇದೊಂದು ಮಡಿ ಸಿಕ್ಕಿತಲ್ಲ ಎಂದು ಖುಷಿಯಿಂದ ಬೂಟು ಕಳಚಿದೆ. ಹೊಸ ಕಾಲುಚೀಲದಿಂದ ಹೆಬ್ಬೆರಳು ಆಗಲೇ ಹೊರಗೆ ಬಂದಿತ್ತು. ಸವಿತಾಳ ಏಳು ವರ್ಷದ ಮಗಳು ಅನ್ವಿ ಅದನ್ನೇ ನೋಡಿದಳು.

"ಇವರು ಅಮ್ಮಂಗೆ ಪಾಠ ಮಾಡಿದ ಮೇಡಂ. ನಿಂಗೆ ಅಜ್ಜಿ ಆಗ್ಬೇಕು" ಎಂದಳು ಸವಿತಾ.

"ಹೇಯ್, ಮೇಡಂ-ಅಜ್ಜಿ" ಎಂದಿತು ಮಗು. ಹೇಯ್ ಎಂದರೆ ಇಲ್ಲಿ ನಮಸ್ಕಾರವಂತೆ. ಒಂಬತ್ತು ದಿನವೂ ನಾನು ಅದೇ ಆದೆ.

ಊಟಕ್ಕೆ ಕೂತಾಗ ಗಂಟೆ ಎಂಟು, ಹೊರಗೆ ನಮ್ಮೂರ ಸಂಜೆ ಐದರ ಬೆಳಕು. ಕಿಟಕಿಯ ಕೆಳಗೆ ಟ್ರಾಮ್ ಹೋಗುತ್ತಿತ್ತು, ಸದ್ದೇ ಇಲ್ಲ. ನಾನು ಎಷ್ಟು ಸಲ ಎದ್ದು ಕಿಟಕಿಗೆ ಹೋದೆನೆಂದರೆ ಸವಿತಾ ತಟ್ಟೆಯನ್ನೇ ಅಲ್ಲಿಗೆ ತಂದು ಕೊಟ್ಟಳು.

ಪ್ರಯೋಗಾಲಯ

ಲೇನಾಗೆ ನಲವತ್ತರ ಮೇಲೆ ವಯಸ್ಸು. ನನಗಿಂತ ಒಂದು ಮೊಳ ಎತ್ತರ, ಬೆನ್ನ ಮೇಲೆ ಶಾಲೆ ಮಕ್ಕಳ ಹಾಗೆ ಚೀಲ. ಅಲ್ಲಿ ಪ್ರೊಫೆಸರ್, ಡಾಕ್ಟರ್ ಏನೂ ಇಲ್ಲ, ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ನಮ್ಮ ಕಾಲೇಜಿನಲ್ಲಿ ಜವಾನನಿಂದ ಪ್ರಾಂಶುಪಾಲರವರೆಗೆ ಎಲ್ಲರಿಗೂ ನಾನು ಮೇಡಂ. ಗಿರಿಜಾ ಎಂದು ಕರೆಯುವವರು ಮನೆಯಲ್ಲೂ ಈಗ ಉಳಿದಿಲ್ಲ. ಲೇನಾ ಮೊದಲ ದಿನ ಆ ಹೆಸರನ್ನು ಓದಿಕೊಂಡು "ಯಿರಿಯಾ" ಎಂದರು. ತಿದ್ದೋಣ ಎಂದುಕೊಂಡವಳು, ಯಾಕೋ ಚೆನ್ನಾಗಿದೆ ಅನ್ನಿಸಿ ಸುಮ್ಮನಾದೆ.

ಅವರು ಒಂದು ದಪ್ಪ ಕಡತ ತೆಗೆದು ಮುಂದಿಟ್ಟರು. ನಮ್ಮ ಪ್ರಬಂಧದ ಒಂದೊಂದು ಸಾಲಿಗೂ ಗುರುತು. ಯಾವ ತಂತ್ರಾಂಶ, ಅದರ ಯಾವ ಆವೃತ್ತಿ, ಎಷ್ಟು ಅಣು, ಎಷ್ಟು ಬಿಸಿ. ಅದೇ ಲೆಕ್ಕವನ್ನು ಅವರು ಹನ್ನೊಂದು ಸಲ ಮಾಡಿದ್ದರು. ಹನ್ನೊಂದು ಸಲ! ನಮ್ಮ ಪ್ರಬಂಧವನ್ನು ಎರಡು ಸಲ ಓದಿದವರನ್ನೇ ನಾನು ಕಂಡಿರಲಿಲ್ಲ. ಓದದೆಯೇ "ಅದ್ಭುತ ಮೇಡಂ" ಎಂದವರು ಬೇಕಾದಷ್ಟು ಜನ ಇದ್ದರು. ಆ ಕಡತವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಪುಟ ತಿರುವಿದೆ. ನಮ್ಮನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು, ಅದೂ ನಮ್ಮನ್ನು ನಂಬಲಾಗದೆ ಕೂತವರು.

ಎರಡು ದಿನ ನಾವಿಬ್ಬರೂ ಪಕ್ಕಪಕ್ಕ ಕೂತು ಸಾಲು ಸಾಲು ಹೋಲಿಸಿದೆವು. ನಾನು ಹೊರಡುವಾಗ ಶೋಭಾ ಕೊಟ್ಟಿದ್ದ ಪೆನ್ ಡ್ರೈವಿನಲ್ಲಿ ಎಲ್ಲ ಇತ್ತು. ಅಣುಗಳ ಜಾಗ ಸರಿ, ಬಲಗಳ ಸೂತ್ರ ಸರಿ, ಬಿಸಿ ಸರಿ. ಆದರೂ ಅವರ ಸೋಡಿಯಂ ನಡೆಯುತ್ತದೆ, ನಮ್ಮ ಸೋಡಿಯಂ ಓಡುತ್ತದೆ. ನನಗೆ ಮೂಗಿನ ತುದಿಯಲ್ಲಿ ಕೋಪ. ಎರಡನೇ ದಿನ ಮಧ್ಯಾಹ್ನ "ಬಹುಶಃ ನಿಮ್ಮ ಕಂಪ್ಯೂಟರಿನಲ್ಲೇ ದೋಷವಿದೆ" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. "ಇರಬಹುದು" ಎಂದು ಬರೆದುಕೊಂಡು, ಬೇರೆ ಊರಿನ ಇನ್ನೊಂದು ಯಂತ್ರದಲ್ಲಿ ಲೆಕ್ಕ ಹಚ್ಚಿದರು. ಅಲ್ಲೂ ಅದೇ ಮೂರನೇ ಒಂದು ಭಾಗವೇ ಬಂತು. ಅದನ್ನು ಹೇಳುವಾಗಲೂ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಬಟ್ಟೆ ಒಗೆಯುವ ಕೋಣೆ

ಇಲ್ಲಿ ಅಪಾರ್ಟ್‌ಮೆಂಟಿಗೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದು ಬಟ್ಟೆ ಒಗೆಯುವ ಕೋಣೆ. ಗೋಡೆಯ ಮೇಲೆ ತೂತುಗಳಿರುವ ಹಲಗೆ, ಪ್ರತಿ ಮನೆಗೂ ಒಂದು ಪುಟ್ಟ ಬೀಗ. ನಿಮಗೆ ಬೇಕಾದ ದಿನ, ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ನನಗೆ ಇದು ಯಾರೂ ಹೇಳಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಸವಿತಾಗೆ ಸಹಾಯವಾಗಲಿ ಎಂದು ಖಾಲಿ ಯಂತ್ರ ಕಂಡದ್ದೇ ನನ್ನ ಎರಡು ಸೀರೆ, ಅನ್ವಿಯ ಬಟ್ಟೆ ಎಲ್ಲ ಹಾಕಿ ಬಂದೆ. ಮತ್ತೆ ಹೋದಾಗ ಬಾಗಿಲ ಮೇಲೆ ಸ್ವೀಡಿಷ್ ಭಾಷೆಯ ಒಂದು ಚೀಟಿ ಅಂಟಿಸಿತ್ತು.

ಅನ್ವಿ ಓದಿ ಹೇಳಿದಳು. "ಪ್ಲೀಸ್ ಥಿಂಕ್ ಅಬೌಟ್ ಅದರ್ಸ್. ಥ್ಯಾಂಕ್ ಯೂ. ಸ್ಮೈಲಿ."

"ಪರವಾಗಿಲ್ಲ, ನಗ್ತಾ ಇದಾರಲ್ಲ."

"ನೇಯ್, ಅಲ್ಲ, ಮೇಡಂ-ಅಜ್ಜಿ. ಸ್ಮೈಲಿ ಅಂದ್ರೆ ವೆರಿ, ವೆರಿ ಆಂಗ್ರಿ."

ನಮ್ಮ ವಠಾರದಲ್ಲಾಗಿದ್ದರೆ ನಲ್ಲಿಯ ಬಳಿ ಒಂದು ಗಂಟೆ ಜಗಳವಾಗಿ, ಇಬ್ಬರ ಮನೆತನವೂ ಬೀದಿಗೆ ಬಂದು, ಸಂಜೆ ಹೊತ್ತಿಗೆ ರಾಜಿಯಾಗುತ್ತಿತ್ತು. ಇಲ್ಲಿ ನಾಲ್ಕು ಸಾಲಿನ ಚೀಟಿ. ಯಾರು ಬರೆದರೋ ಗೊತ್ತಿಲ್ಲ, ಯಾರಲ್ಲಿ ಕ್ಷಮೆ ಕೇಳುವುದೋ ಗೊತ್ತಿಲ್ಲ. ನಾನೂ ಒಂದು ಚೀಟಿ ಬರೆದು, ಊರಿಂದ ತಂದಿದ್ದ ಕೋಡುಬಳೆಯ ಪೊಟ್ಟಣದ ಜೊತೆ ಅಲ್ಲೇ ಇಟ್ಟು ಬಂದೆ. ಕೋಡುಬಳೆ ಹೋಯಿತು. ಯಾರು ತಿಂದರು ಎಂಬುದು ಇವತ್ತಿಗೂ ತಿಳಿದಿಲ್ಲ.

ಕಾಫಿ ಮೇಜು

ಸ್ವೀಡನ್ನಿನ ಕಚೇರಿಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಎಲ್ಲರೂ ಕೆಲಸ ಬಿಟ್ಟು ಏಳುತ್ತಾರೆ. ಇದಕ್ಕೆ ಫೀಕಾ ಎನ್ನುತ್ತಾರೆ. ಒಂದು ಕಪ್ ಕಾಫಿ, ಒಂದು ದಾಲ್ಚಿನ್ನಿ ಬನ್ನು, ಸುತ್ತ ಕೂತು ಮಾತು. ಮೊದಲ ಎರಡು ದಿನ ನಾನು ಏಳಲೇ ಇಲ್ಲ. ಅಷ್ಟು ದೂರದಿಂದ ಬಂದವಳು, ಲೆಕ್ಕ ಬಿಟ್ಟು ಬನ್ನು ತಿನ್ನಲು ಹೋದರೆ ಏನಂದುಕೊಳ್ಳುತ್ತಾರೋ ಎಂದು ಪರದೆಗೆ ಮುಖ ಕೊಟ್ಟು ಕೂತೆ. ಮೂರನೇ ದಿನ ಲೇನಾ ಬಾಗಿಲಲ್ಲಿ ನಿಂತು, ಸಂಕೋಚದಿಂದಲೇ, "ಯಿರಿಯಾ, ನೀವು ಬರದಿದ್ದರೆ ನಮ್ಮ ಮೇಲೆ ಬೇಸರ ಅಂದುಕೊಳ್ಳುತ್ತಾರೆ" ಎಂದರು. ನನ್ನ ಶ್ರದ್ಧೆಯೆಲ್ಲ ಅವರಿಗೆ ಸಿಡುಕಿನಂತೆ ಕಂಡಿತ್ತು. ತಕ್ಷಣ ಎದ್ದೆ.

ಮೇಜಿನ ಸುತ್ತ ಆರೇಳು ಜನ. ಹವಾಮಾನ, ಯಾರದೋ ದೋಣಿ, ಯಾರದೋ ಮಗುವಿನ ಹಲ್ಲು. ನನ್ನನ್ನೂ ಮಾತಿಗೆಳೆಯಲು ಲೇನಾ ಕೇಳಿದರು, "ನಿಮ್ಮ ಊರಲ್ಲಿ ಆ ಲೆಕ್ಕ ಮುಗಿಯಲು ಎಷ್ಟು ಸಮಯ ಬೇಕಾಯಿತು?"

"ಏಳು ವಾರ. ಕರೆಂಟ್ ಸರಿಯಾಗಿ ಇದ್ದಿದ್ದರೆ ನಾಲ್ಕೇ ವಾರ."

"ಇದ್ದಿದ್ದರೆ ಅಂದರೆ?"

ನಾನು ಉತ್ಸಾಹದಿಂದ ಹೇಳತೊಡಗಿದೆ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ತಂತಿ ಬದಲಾಯಿಸುತ್ತಿದ್ದರು, ಎರಡು ದಿನಕ್ಕೆ ಒಂದು ಸಲವಾದರೂ ಕರೆಂಟ್ ಹೋಗುವುದು. ನಮ್ಮ ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು. ಬ್ಯಾಟರಿಯ ಮೇಲೆ ಸಂಶೋಧನೆ ಮಾಡುವವರ ಕೋಣೆಯಲ್ಲಿ ಬ್ಯಾಟರಿ ಇಲ್ಲ ಎಂದಾಗ ಎಲ್ಲರೂ ನಕ್ಕರು. ಕಂಪ್ಯೂಟರ್ ಆರಿದ ಕೂಡಲೇ ಶೋಭಾ ಟೀಗೆ ನೀರಿಡುವಳು, ಕರೆಂಟ್ ಬಂದ ಕೂಡಲೇ ಓಡಿಹೋಗಿ, ಎಲ್ಲಿಯವರೆಗೆ ಉಳಿಸಿಟ್ಟಿತ್ತೋ ಅಲ್ಲಿಂದ ಲೆಕ್ಕ ಮತ್ತೆ ಶುರು ಮಾಡುವಳು. ಒಂದು ಗುಂಡಿ ಒತ್ತಿದರೆ ಸಾಕಾಗುವಂತೆ ನಾನೇ ಅವಳಿಗೊಂದು ಕಡತ ಬರೆದುಕೊಟ್ಟಿದ್ದೆ.

ಲೇನಾ ಕಪ್ಪು ಕೆಳಗಿಟ್ಟರು. "ಇದು ಪ್ರಬಂಧದಲ್ಲಿ ಇಲ್ಲ."

"ಕರೆಂಟ್ ಹೋದದ್ದನ್ನು ಪ್ರಬಂಧದಲ್ಲಿ ಯಾರು ಬರೆಯುತ್ತಾರೆ? ಮಳೆ ಬಂದದ್ದನ್ನೂ ಬರೆಯಬೇಕೇ?"

"ಮತ್ತೆ ಶುರು ಮಾಡುವ ಆ ಕಡತದಲ್ಲಿ ಬೀಜಸಂಖ್ಯೆ ಬದಲಾಗುತ್ತಿತ್ತೇ?"

ನನ್ನ ಕೈಯಲ್ಲಿ ಅರ್ಧ ಬನ್ನು ಇತ್ತು. ಅದು ಅಲ್ಲೇ ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿಯಾದ ವಸ್ತುವಿನಲ್ಲಿ ಅಣುಗಳಿಗೆ ಸುತ್ತಲಿಂದ ಗೊತ್ತುಗುರಿಯಿಲ್ಲದ ತಳ್ಳಾಟ ಬೀಳುತ್ತಿರುತ್ತದೆ. ಕಂಪ್ಯೂಟರಿಗೆ ಗೊತ್ತುಗುರಿಯಿಲ್ಲದೆ ಏನೂ ಮಾಡಲು ಬರುವುದಿಲ್ಲ. ಅದಕ್ಕೆ ನಾವೊಂದು ಸಂಖ್ಯೆ ಕೊಡುತ್ತೇವೆ, ಅದರಿಂದ ಅದು ಯದ್ವಾತದ್ವಾ ಕಾಣುವ ಉದ್ದನೆಯ ಪಟ್ಟಿಯೊಂದನ್ನು ಹುಟ್ಟಿಸಿಕೊಂಡು ಅದರಂತೆ ತಳ್ಳುತ್ತದೆ. ಆ ಸಂಖ್ಯೆಯೇ ಬೀಜ. ಬೀಜ ಅದೇ ಆದರೆ ಪಟ್ಟಿಯೂ ಅದೇ. ಚೌಕಾಬಾರ ಆಡುವಾಗ ಪ್ರತಿ ಸಲ ಎದ್ದು ಬಂದು ಕೂತಾಗಲೂ ಕವಡೆಗಳು ಮೊದಲಿಂದ ಅದೇ ಕ್ರಮದಲ್ಲಿ ಬಿದ್ದರೆ ಹೇಗೆ, ಹಾಗೆ. ನಮ್ಮ ಲೆಕ್ಕದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಒಂದೊಂದು ಸೋಡಿಯಂ ಕಣಕ್ಕೂ ಹಿಂದಿನ ಸಲದ್ದೇ ತಳ್ಳು, ಹಿಂದಿನ ಸಲದ್ದೇ ದಿಕ್ಕು. ಅತ್ತಿತ್ತ ಅಲೆಯಬೇಕಾದ ಕಣ ಒಂದೇ ಕಡೆಗೆ ಮತ್ತೆ ಮತ್ತೆ ನೂಕಿಸಿಕೊಂಡು ಬಹಳ ದೂರ ಹೋಗಿತ್ತು. ನಾವು ಅದನ್ನು ವೇಗ ಎಂದುಕೊಂಡಿದ್ದೆವು.

ಆ ಬೀಜವನ್ನು ಬದಲಾಯಿಸದೆ ಇಟ್ಟದ್ದು ಸೋಮಾರಿತನದಿಂದಲ್ಲ. ಬೇರೆಯವರು ಮಾಡಿದರೂ ನಮ್ಮದೇ ಉತ್ತರ ಬರಬೇಕು, ಹಾಗಾಗಿ ಬೀಜವನ್ನು ಎಂದೂ ಮುಟ್ಟಬಾರದು ಎಂದು ನಾನೇ ಶೋಭಾಗೆ ಪಾಠ ಹೇಳಿದ್ದೆ. ನನ್ನ ಸ್ಕೂಟರಿನ ನಂಬರನ್ನೇ ಬೀಜವಾಗಿ ಬರೆದು, ಕೆಳಗೆ "ಮುಟ್ಟಬೇಡ" ಎಂದು ಟಿಪ್ಪಣಿ ಹಾಕಿದ್ದೆ.

"ಇಲ್ಲ, ಬದಲಾಗುತ್ತಿರಲಿಲ್ಲ" ಎಂದೆ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅದರ ಹಿಂದೆಯೇ, ಹೇಳಿದರೆ ನಂಬುವುದಿಲ್ಲ, ಎದೆಯಲ್ಲಿ ಎಂಥದೋ ಹುರುಪು ಎದ್ದಿತು. ಒಂದು ವರ್ಷದಿಂದ ಉತ್ತರವಿಲ್ಲದೆ ಕೂತಿದ್ದ ಪ್ರಶ್ನೆ, ಬನ್ನು ತಿನ್ನುತ್ತ ಬಿಚ್ಚಿಕೊಂಡಿತ್ತು. ನಾನು ಎದ್ದು ನಿಂತುಬಿಟ್ಟೆ. "ನಡೀರಿ, ನೋಡೋಣ!" ಎಂದೆ. ಕನ್ನಡದಲ್ಲಿ ಹೇಳಿದೆನೆಂದು ಆಮೇಲೆ ಗೊತ್ತಾಯಿತು. ಲೇನಾಗೆ ಅರ್ಥವಾಗಿತ್ತು, ಅವರೂ ಎದ್ದರು.

ಮೂವತ್ತೊಂದು ಸಲ

"ಊಹೆ ಸಾಲದು, ತೋರಿಸಬೇಕು" ಎಂದರು ಲೇನಾ. ನಮ್ಮ ಲೆಕ್ಕ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲೇ ಅವರ ಲೆಕ್ಕವನ್ನೂ ನಿಲ್ಲಿಸಿ, ಅದೇ ಬೀಜದಿಂದ ಮತ್ತೆ ಶುರು ಮಾಡಿದರೆ ನಮ್ಮ ಸಂಖ್ಯೆಯೇ ಬರಬೇಕು. ಆದರೆ ಎಲ್ಲೆಲ್ಲಿ ನಿಂತಿತ್ತು? ಕಂಪ್ಯೂಟರಿನ ದಿನಚರಿ ಕಡತ ಪ್ರತಿ ಸಲವೂ ಹಳೆಯದರ ಮೇಲೆ ಹೊಸದನ್ನು ಬರೆದು ಅಳಿಸಿಹಾಕಿತ್ತು. ನನಗೆ ತಕ್ಷಣ ನೆನಪಾದದ್ದು ಕರೆಂಟ್ ಪುಸ್ತಕ.

ಯುಪಿಎಸ್ಸಿಗೆ ಹೊಸ ಬ್ಯಾಟರಿ ಕೊಡಿಸಿ ಎಂದು ಬರೆದಾಗ ಕಾಲೇಜಿನ ಆಫೀಸಿನವರು, ಕರೆಂಟ್ ಹೋಗುತ್ತದೆ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದ್ದರು. ಅದೇ ಕಟ್ಟಡದಲ್ಲಿ, ಅದೇ ಕತ್ತಲಲ್ಲಿ ಕೂತವರು! ಆ ಸಿಟ್ಟಿಗೆ ಶೋಭಾ ಒಂದು ನೋಟ್ ಪುಸ್ತಕಕ್ಕೆ ಗೆರೆ ಹಾಕಿ, ಹೋದ ಹೊತ್ತು, ಬಂದ ಹೊತ್ತು, ಕಾರಣ ಎಂದು ಮೂರು ಕಾಲಂ ಮಾಡಿ ದಿನಾ ಬರೆದಿಟ್ಟಿದ್ದಳು. ಬ್ಯಾಟರಿ ಇನ್ನೂ ಬಂದಿಲ್ಲ. ಪುಸ್ತಕ ಮಾತ್ರ ಕಪಾಟಿನಲ್ಲಿತ್ತು.

ವಾಟ್ಸ್ಯಾಪಿನಲ್ಲಿ ಕೇಳಿದ ಅರ್ಧ ಗಂಟೆಗೆ ಪುಟಗಳ ಫೋಟೋ ಬಂದವು. ಜೊತೆಗೆ "ಯಾಕ್ ಮೇಡಂ, ಏನಾತು?" ಎಂಬ ಪ್ರಶ್ನೆ. "ಆಮೇಲೆ ಹೇಳ್ತೀನಿ" ಎಂದು ಬರೆದೆ. ಹೇಳುವ ಧೈರ್ಯ ಆಗ ಇರಲಿಲ್ಲ.

ನಾನು ಓದಿ ಹೇಳಿದೆ, ಲೇನಾ ಬರೆದುಕೊಂಡರು. ಒಂದು ಗಂಟೆಗೆ ನಮ್ಮ ಯಂತ್ರ ಎಷ್ಟು ಹೆಜ್ಜೆ ಲೆಕ್ಕ ಮಾಡುತ್ತದೆ ಎಂಬುದು ಗೊತ್ತಿತ್ತು. ಹೊತ್ತನ್ನು ಹೆಜ್ಜೆಗೆ ತಿರುಗಿಸಿದೆವು. ಕಾರಣದ ಕಾಲಮ್ಮಿನಲ್ಲಿ ಏನಿದೆ ಎಂದು ಅವರಿಗೆ ಕುತೂಹಲ. "ತಂತಿ ಕೆಲಸ", "ಗಾಳಿ", "ಗೊತ್ತಿಲ್ಲ", "ಗೊತ್ತಿಲ್ಲ", ಒಂದು ಕಡೆ "ಕೋತಿ". ಕೋತಿ ಎಂದಾಗ ಅವರು ಪೆನ್ನು ಕೆಳಗಿಟ್ಟು ಎರಡು ನಿಮಿಷ ನಕ್ಕರು. ಒಟ್ಟು ಮೂವತ್ತೊಂದು ಸಲ.

ಅವರ ಯಂತ್ರ ಎಂದೂ ಆರುವುದಿಲ್ಲ, ಆರದಂತೆ ನೋಡಿಕೊಳ್ಳಲು ಇನ್ನೊಂದು, ಅದಕ್ಕೆ ಕಾವಲಾಗಿ ಮತ್ತೊಂದು. ಅಂಥದರಲ್ಲಿ ದಾವಣಗೆರೆಯ ಒಂದು ಬೇಸಿಗೆಯನ್ನು ತಂದು ಕೂರಿಸಬೇಕಿತ್ತು. ಮೊದಲ ನಿಲುಗಡೆಯ ಹೊತ್ತು ಬಂದಾಗ ಲೇನಾ ಕೀಲಿಮಣೆಯನ್ನು ನನ್ನ ಕಡೆ ಸರಿಸಿ, "ನೀವೇ ಕರೆಂಟ್ ತೆಗೆಯಿರಿ, ನಿಮಗೆ ಅನುಭವವಿದೆ" ಎಂದರು. ತೆಗೆದೆ. ಎಷ್ಟೋ ವರ್ಷ ಕರೆಂಟ್ ಇಲಾಖೆಯವರನ್ನು ಬೈದವಳು, ಆ ಗುಂಡಿ ಒತ್ತುವುದರಲ್ಲಿ ಒಂದು ಸುಖವಿದೆ ಎಂದು ಆವತ್ತು ತಿಳಿದುಕೊಂಡೆ. ನಾಲ್ಕು ಸಲ ಕೈಯಲ್ಲೇ ಮಾಡಿ, ಉಳಿದದ್ದಕ್ಕೆ ಲೇನಾ ತಾನಾಗಿ ನಿಲ್ಲಿಸಿ ತಾನಾಗಿ ಶುರು ಮಾಡುವ ಏರ್ಪಾಡು ಬರೆದರು. ಪಕ್ಕದಲ್ಲೇ ಇನ್ನೊಂದು ಲೆಕ್ಕ. ಅದೂ ಮೂವತ್ತೊಂದು ಸಲ ನಿಲ್ಲುತ್ತದೆ, ಆದರೆ ಪ್ರತಿ ಸಲ ಬೀಜ ಹೊಸದು.

ಎರಡು ದಿನ ಕಾಯಬೇಕಾಯಿತು. ಸವಿತಾ ನನ್ನನ್ನು ಹಳೇ ಪಟ್ಟಣ, ನೀರು, ಸೇತುವೆ ಎಂದು ಸುತ್ತಿಸಿದಳು. ಏನೇನು ನೋಡಿದೆನೋ ಒಂದೂ ನೆನಪಿಲ್ಲ. ತಲೆಯಲ್ಲಿ ಸೋಡಿಯಂ ಓಡಾಡುತ್ತಿತ್ತು. ಒಂದು ಅಂಗಡಿಯಲ್ಲಿ ಸರದಿಗೆ ಚೀಟಿ ಹರಿದುಕೊಳ್ಳಬೇಕು ಎಂಬುದನ್ನೇ ಮರೆತು ಕಾಲು ಗಂಟೆ ಸುಮ್ಮನೆ ನಿಂತಿದ್ದೆ. ನನ್ನ ನಂತರ ಬಂದವರೆಲ್ಲ ಸಾಮಾನು ಕಟ್ಟಿಸಿಕೊಂಡು ಹೋದರು.

ಶುಕ್ರವಾರ ಊಟವಾದ ಮೇಲೆ ಲೇನಾ ಕರೆದರು. ಪರದೆಯ ಮೇಲೆ ಎರಡು ಗೆರೆ. ಬೀಜ ಬದಲಾಯಿಸಿದ್ದು ಕೆಳಗೆ, ಅವರ ಹನ್ನೊಂದು ಲೆಕ್ಕಗಳ ಮೇಲೆಯೇ ಕೂತಿತ್ತು. ಬದಲಾಯಿಸದ್ದು ಮೇಲಕ್ಕೆ ಏರಿ, ಏರಿ, ನಮ್ಮ ಪ್ರಬಂಧದ ಚಿತ್ರದಲ್ಲಿದ್ದ ಗೆರೆಯನ್ನು ಹೋಗಿ ಸೇರಿತ್ತು. ಕೂದಲೆಳೆಯ ವ್ಯತ್ಯಾಸ, ಲೆಕ್ಕದಲ್ಲಿ ಅಷ್ಟು ಇರುವುದೇ. ಜಗತ್ತಿನಲ್ಲಿ ನಮ್ಮ ಸಂಖ್ಯೆಯನ್ನು ಮತ್ತೆ ಪಡೆದ ಮೊದಲ ವ್ಯಕ್ತಿ ಲೇನಾ. ಪಡೆದ ಆ ಗಳಿಗೆಯಲ್ಲೇ ಅದು ತಪ್ಪೆಂದು ಸಾಬೀತಾಯಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಚಪ್ಪಾಳೆ ತಟ್ಟಿದೆ. ಯಾರನ್ನೂ ಮುಟ್ಟಿ ಮಾತಾಡದ ಆ ಹೆಂಗಸು ಬಗ್ಗಿ ನನ್ನನ್ನು ಅಪ್ಪಿಕೊಂಡರು. ಆಚೆ ಕೋಣೆಗಳವರೆಲ್ಲ ಬಂದು ನೋಡಿದರು. ಮೂರಕ್ಕೆ ಹಸಿರು ಬಣ್ಣದ ಕೇಕ್ ತರಿಸಿದರು. ತಪ್ಪು ಸಿಕ್ಕಿತು ಎಂದು ಕೇಕ್ ಕತ್ತರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಿದ್ದುಪಡಿ ಬರೆಯೋಣ" ಎಂದರು ಲೇನಾ. "ಕರೆಂಟ್ ಹೋದದ್ದನ್ನೂ ಬರೆಯಬೇಕು. ಇನ್ನೂ ಎಷ್ಟು ಊರುಗಳಲ್ಲಿ ಇದೇ ಆಗಿದೆಯೋ."

ನಾನು ಆಗಲಿ ಎಂದೆ. ಆದರೆ ಶೋಭಾಗೆ ಫೋನ್ ಮಾಡಲಿಲ್ಲ. ಸಂಜೆ ಮಾಡೋಣ ಎಂದುಕೊಂಡೆ, ಸಂಜೆ ಅಲ್ಲಿ ಊಟದ ಹೊತ್ತು ಎಂದು ನೆವ ಹೇಳಿಕೊಂಡೆ. ತಪ್ಪು ನನ್ನದು, ಅದನ್ನು ಹೊತ್ತು ವೇದಿಕೆಯ ಮೇಲೆ ನಿಂತು ಮಾತು ಕೇಳಿಸಿಕೊಂಡವಳು ಅವಳು.

ವೆಸ್ಟೆರಾಸ್ ರೈಲು

ಶನಿವಾರ ಸವಿತಾ ನನ್ನನ್ನೂ ಅನ್ವಿಯನ್ನೂ ಕರೆದುಕೊಂಡು ವೆಸ್ಟೆರಾಸಿಗೆ ಹೊರಟಳು. ಅಲ್ಲಿ ವಿದ್ಯುತ್ ಯಂತ್ರಗಳ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದವರ ನಾಲ್ಕಾರು ಮನೆ ಸೇರಿ ಮಧ್ಯಾಹ್ನ ಬಿಸಿಬೇಳೆಬಾತ್ ಮಾಡುತ್ತಾರಂತೆ. ನಮಗೆ ಸಿಕ್ಕಿದ ಜಾಗ ರೈಲಿನ ಮೌನದ ಡಬ್ಬಿಯಲ್ಲಿ. ಅಲ್ಲಿ ಫೋನಿಲ್ಲ, ಮಾತಿಲ್ಲ. ಎಲ್ಲರೂ ಪರೀಕ್ಷೆ ಬರೆಯುವವರ ಹಾಗೆ ಕೂತಿದ್ದರು. ನಾನೂ ಕಿಟಕಿಯಲ್ಲಿ ಕೆರೆಗಳನ್ನು ನೋಡುತ್ತ ಕೂತೆ. ಒಂದು ಕೆರೆ ಮುಗಿಯುವುದರೊಳಗೆ ಇನ್ನೊಂದು. ನಮ್ಮ ಕಡೆಯವರಿಗೆ ಅಷ್ಟು ನೀರು ಸುಮ್ಮನೆ ಬಿದ್ದಿರುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಫೋನ್ ಹೊಡೆದುಕೊಂಡಿತು. ಶೋಭಾ.

"ಹಲೋ! ಹಾಂ, ಕೇಳ್ತಾ ಇದೆ, ಹೇಳು!" ಎಂದೆ, ಹರಿಹರದ ಬಸ್ಸಿನಲ್ಲಿ ಮಾತಾಡುವ ಗಂಟಲಿನಲ್ಲಿ. ಇಡೀ ಡಬ್ಬಿ ತಿರುಗಿತು. ಎದುರಿನ ಮುದುಕರೊಬ್ಬರು ಏನೂ ಅನ್ನದೆ ಗೋಡೆಯ ಫಲಕದ ಕಡೆ ಬೆರಳು ತೋರಿಸಿದರು. ಅನ್ವಿ ಮುಖ ಮುಚ್ಚಿಕೊಂಡಳು. ಸವಿತಾಗೆ ಗಾಬರಿಯಲ್ಲಿ ಬೆಂಗಳೂರು ಕನ್ನಡ ಮರೆತೇಹೋಯಿತು. "ಹೊರಗ ಹೋಗ್ರಿ ಮೇಡಂ, ಬಾಗಿಲ ಕಡೆ ಹೋಗ್ರಿ!" ಎಂದು ಪಿಸುಗುಟ್ಟಿದಳು. ಫೋನನ್ನು ಎದೆಗೊತ್ತಿಕೊಂಡು ಓಡಿ, ಎರಡು ಡಬ್ಬಿಗಳ ನಡುವಿನ ಜಾಗದಲ್ಲಿ ನಿಂತೆ.

"ಮೇಡಂ, ನಾಕ್ ದಿನದಿಂದ ಕಾಯಾಕತ್ತೀನಿ. ಏನಾತು ಹೇಳ್ರಿ. ಕೆಟ್ಟದ್ದಾಗಿದ್ರೂ ಹೇಳ್ರಿ."

ಹೇಳಿದೆ. ಎಲ್ಲ ಹೇಳಿದೆ. ಬೀಜ, ಕರೆಂಟ್ ಪುಸ್ತಕ, ಎರಡು ಗೆರೆ. ನಮ್ಮ ವಸ್ತುವಿನಲ್ಲಿ ಸೋಡಿಯಂ ಓಡುವುದಿಲ್ಲ, ನಡೆಯುತ್ತದೆ. ನಿನ್ನ ಎರಡು ಅಧ್ಯಾಯ ಮತ್ತೆ ಬರೆಯಬೇಕು, ಆರು ತಿಂಗಳಾದರೂ ತಡವಾಗುತ್ತದೆ. ಬೀಜದ ಆ ಸಾಲು ಬರೆದವಳು ನಾನು.

ಅವಳು ಕೇಳಿದ್ದು ಬೇರೆಯೇ.

"ಮೇಡಂ, ನಾವು ಮಾಡಿದಂಗೇ ಮಾಡಿದ್ರೆ, ಅವರ ಮಷೀನ್‌ನಾಗೂ ನಮ್ಮ ನಂಬರೇ ಬಂತಾ?"

"ಬಂತು ಕಣೇ. ಗೆರೆ ಮೇಲೆ ಗೆರೆ ಕೂತಿತು."

"ನಿಜಾನ್ರೀ?"

"ನನ್ನ ಕಣ್ಣಿಂದ ನೋಡಿದೀನಿ."

ಅವಳು ಅಳುತ್ತಿದ್ದಾಳೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ನನಗೂ ತಡೆಯಲಾಗಲಿಲ್ಲ. ಬಾಗಿಲ ಗಾಜಿಗೆ ಹಣೆ ಕೊಟ್ಟು ನಿಂತು, "ಶೋಭಾ, ಕೇಳಿಲ್ಲಿ. ತಿದ್ದುಪಡಿ ನನ್ನ ಹೆಸರಲ್ಲಿ ಹೋಗುತ್ತೆ. ನಿನ್ನ ಹೆಸರು ಹಾಕೋದು ಬೇಡ. ನೀನಿನ್ನೂ ಕೆಲಸ ಹುಡುಕ್ಬೇಕಾದವಳು" ಎಂದೆ.

"ಬ್ಯಾಡ್ರಿ ಮೇಡಂ. ಮೊದಲನೇ ಹೆಸರು ನಂದೇ ಹಾಕ್ರಿ."

"ಹುಚ್ಚಿ, ತಪ್ಪಿಗೆ ಯಾರಾದರೂ ತಾವಾಗೇ ಮುಂದೆ ಬಂದು ಹೆಸರು ಹಾಕಿಸ್ಕೋತಾರೇನೇ?"

"ಅದು ತಪ್ಪಿನ ಕಾಗದ ಅಲ್ರಿ. ನಾವು ಮನ್ಯಾಗ ಕೂತು ಬರ್ಕೊಂಡಿಲ್ಲ ಅನ್ನೋ ಕಾಗದ. ಅವತ್ತು ಸ್ಟೇಜ್ ಮ್ಯಾಲೆ ನಿಂತಿದ್ದು ನಾನು."

ಹಾಗೇ ಮಾಡಿದೆವು. ಮೊದಲ ಹೆಸರು ಶೋಭಾ, ಆಮೇಲೆ ನಾನು, ಕೊನೆಗೆ ಲೇನಾ. ಅಚ್ಚಾದ ದಿನ ಅವಳು ಅದರ ಒಂದು ಪ್ರತಿಯನ್ನು ಸಮ್ಮೇಳನದ ಆ ಹಿರಿಯರಿಗೆ ಅಂಚೆಯಲ್ಲಿ ಕಳಿಸಿದಳು, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿ.